ಬಾಲ ಕತ್ತರಿಸಿದ ಗೋಡೆ

ಡಾಕ್ಟರು ಗೋಡೆಯ ಮುಂಬದಿ ನೋಡಿ ತಲೆಯಾಡಿಸಿದರು. ಆಮೇಲೆ ಪಕ್ಕದ ಓಣಿಯಿಂದ ಸುತ್ತಿಕೊಂಡು ಹಿಂಬದಿಗೆ ಹೋದರು. ನಾನು ಹೊರಗೇ ನಿಂತು ಕರಣೆ ಒರೆಸುತ್ತಿದ್ದೆ. ಎಷ್ಟು ಹೊತ್ತಾದರೂ ಒಳಗಿನಿಂದ ಸದ್ದಿಲ್ಲ. ಕೆಲಸ ಹಿಡಿಸಿದರೆ ಜನ ಒಂದು ಮಾತಾಡುತ್ತಾರೆ, ಹಿಡಿಸದಿದ್ದರೆ ಹತ್ತು ಆಡುತ್ತಾರೆ. ಏನೂ ಆಡದೆ ಇದ್ದುಬಿಟ್ಟರೆ ನಾನು ಒರೆಸಿದ ಕರಣೆಯನ್ನೇ ಮತ್ತೆ ಒರೆಸುತ್ತೇನೆ.

"ಅಂಕಲ್, ಒಂದ್ ಮಿನಿಟ್ ಈ ಕಡೆ ಬರ್ತೀರೇನು?"

ಹೋದೆ. ಅವರು ಟಾರ್ಚ್ ಹಿಡಿದು ಗೋಡೆಯ ಬೆನ್ನಿನ ಮೇಲೆ ಬೆಳಕು ಆಡಿಸುತ್ತಿದ್ದರು.

"ಈ ಕಲ್ಲಿಗೆಲ್ಲಾ ಹಿಂದ ಬಾಲ ಇದ್ವಲ್ರೀ. ಎಲ್ಲಿ ಹೋದ್ವು?"

"ಕತ್ತರಿಸಿದೆ ಮೇಡಂ. ಎಲ್ಲಾ ಒಂದೇ ಮಟ್ಟಕ್ಕೆ ತಂದಿದೀನಿ. ಬೇಕಾದ್ರೆ ದಾರ ಹಿಡಿದು ನೋಡಿ."

ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳಿದ್ದು. ಅವರು ದಾರ ಕೇಳಲಿಲ್ಲ. ಟಾರ್ಚ್ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಡಾಕ್ಟರು ಎಂದರೆ ಔಷಧಿ ಕೊಡುವ ಡಾಕ್ಟರಲ್ಲ, ಹಳೆಯ ಕಟ್ಟಡಗಳನ್ನು ಅಗೆದು ಓದುವವರು. ಈ ದೇಶದಲ್ಲೇ, ಹಿಕ್ಸ್‌ವಿಲ್‌ನಲ್ಲಿ ಹುಟ್ಟಿದ ಹುಡುಗಿ, ತಂದೆತಾಯಿ ಧಾರವಾಡದ ಕಡೆಯವರು. ಉಳಿದವರ ಜೊತೆ ಇಂಗ್ಲಿಷು, ನನ್ನ ಜೊತೆ ಅವರ ತಾಯಿಯ ಕನ್ನಡ. ಗ್ವಾಟೆಮಾಲಾದ ಉತ್ತರದ ಕಾಡಿನಲ್ಲಿ ಮಾಯಾ ಜನರ ಒಂದು ಅರಮನೆಯನ್ನು ಅವರು ವರ್ಷಗಟ್ಟಲೆ ಅಗೆದಿದ್ದರು. ಅದರ ಒಂದು ಕೋಣೆಯನ್ನೂ ಅದರ ಬಾಗಿಲನ್ನೂ ನ್ಯೂಜೆರ್ಸಿಯ ಒಂದು ಕಾಲೇಜಿನ ಮ್ಯೂಸಿಯಂ ಒಳಗೆ ಇದ್ದ ಗಾತ್ರಕ್ಕೇ ಎಬ್ಬಿಸಿ ನಿಲ್ಲಿಸುವ ಕೆಲಸ ನಮ್ಮ ಅಂಗಡಿಗೆ ಬಂದಿತ್ತು. ನಮ್ಮದು ಕ್ವೀನ್ಸ್‌ನ ಮ್ಯಾಸ್ಪೆತ್‌ನಲ್ಲಿ ಮ್ಯೂಸಿಯಂಗಳಿಗೆ ಮಾದರಿ ಮಾಡಿಕೊಡುವ ಅಂಗಡಿ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು. ರಬ್ಬರಿನ ಅಚ್ಚು ತೆಗೆಯುವ ಅಚ್ಚಿನ ಕೋಣೆಯಲ್ಲಿ ಬಹಳ ಕಾಲ ಬೆನ್ನು ಬಗ್ಗಿಸಿದ ಮೇಲೆ ಮೊದಲ ಸಲ ಒಂದು ಕೆಲಸಕ್ಕೆ ನನ್ನನ್ನು ಲೀಡ್, ಅಂದರೆ ಮುಖ್ಯ ಮೇಸ್ತ್ರಿ, ಮಾಡಿದ್ದರು. ಆ ಕೆಲಸ ಇದು.

ಆ ಅರಮನೆಯಲ್ಲಿ ಎರಡು ಕಾಲದ ಕೆಲಸವಿತ್ತು. ಮೊದಲನೆಯದು ಒಳ್ಳೆಯ ಕಾಲದ್ದು. ಗೋಡೆಯ ತಿರುಳು ಸುಣ್ಣ ಮತ್ತು ಜಲ್ಲಿ, ಅದರ ಮೇಲೆ ನುಣ್ಣಗೆ ಕಡಿದ ತೆಳು ಕಲ್ಲಿನ ಹೊದಿಕೆ, ಸಂದಿಯಲ್ಲಿ ಬ್ಲೇಡು ಕೂಡ ತೂರದು. ಮೇಲೆ ಕಲ್ಲುಗಳು ಒಂದರ ಮೇಲೊಂದು ಮುಂದಕ್ಕೆ ಚಾಚುತ್ತಾ ಹೋಗಿ ಚಾವಣಿಯಲ್ಲಿ ಕೂಡುತ್ತವೆ. ಅದನ್ನು ಕಟ್ಟುವಾಗ ನನ್ನ ಕೈಗೆ ಹಬ್ಬ. ಎರಡನೆಯದು ಊರು ಬರಿದಾಗುತ್ತಿದ್ದ ಕಾಲದ್ದು. ರಾಜರಿಲ್ಲ, ಹೊಸ ಕಲ್ಲು ಕಡಿಯುವವರಿಲ್ಲ, ಸುಣ್ಣ ಸುಡುವಷ್ಟು ಸೌದೆಯಿಲ್ಲ, ಆಳೂ ಕಡಿಮೆ. ಉಳಿದ ಕೆಲವು ಜನ ಬಿದ್ದ ಕಟ್ಟಡಗಳಿಂದ ಕಲ್ಲು ಆಯ್ದು, ಜೇಡಿಮಣ್ಣು ಮೆತ್ತಿ, ಈ ಕೋಣೆಯ ಬಾಗಿಲನ್ನು ಕೆಳಗಿನಿಂದ ಮೇಲಿನ ತನಕ ಮುಚ್ಚಿದ್ದಾರೆ. ನಾನು ಹಿಂಬದಿ ಸಮ ಮಾಡಿದ್ದು ಈ ಮುಚ್ಚಿದ ಗೋಡೆಯನ್ನು.

ನಮ್ಮ ಕಲ್ಲುಗಳು ನಿಜವಾದ ಕಲ್ಲುಗಳಲ್ಲ. ಅಗೆದ ಕಲ್ಲು ಒಂದೊಂದರ ಅಳತೆಯನ್ನೂ ಡಾಕ್ಟರು ಕ್ಯಾಮೆರಾದಲ್ಲಿ ಹಿಡಿದು ತಂದಿದ್ದರು. ಅದರ ಪ್ರಕಾರ ಫೋಮ್ ಕೊರೆದು, ಮೇಲೆ ನಾರು ಬೆರೆಸಿದ ಸಿಮೆಂಟಿನ ಚರ್ಮ ಹೊದಿಸಿದ್ದೆವು. ಒಬ್ಬನೇ ಎತ್ತಬಹುದಾದ ತೂಕ, ಕೈಗರಗಸಕ್ಕೂ ಸಲೀಸು. ಆ ಸಲೀಸೇ ಕೆಡಿಸಿತು. ಗೋಡೆ ಏರುತ್ತಿದ್ದಂತೆ ಹಿಂದೆ ಕಲ್ಲಿನ ಬಾಲಗಳು ಒಂದು ಗೇಣು, ಒಂದೂವರೆ ಗೇಣು ಹೊರಗೆ ಚಾಚಿಕೊಂಡು ನಿಂತವು. ಜನ ಓಡಾಡುವ ಕಡೆ ಗೋಡೆಯಿಂದ ನಾಲ್ಕಿಂಚಿಗಿಂತ ಹೆಚ್ಚು ಏನೂ ಚಾಚಬಾರದು ಎಂಬ ನಿಯಮವಿದೆ, ಕಣ್ಣು ಕಾಣದವರು ಕೋಲು ಊರಿಕೊಂಡು ಬಂದರೆ ತಲೆಗೆ ಬಡಿಯುತ್ತದೆ. ನಕ್ಷೆಯಲ್ಲಿ ಬಾಲಗಳನ್ನು ಬರೆದಿದ್ದರು, ನಾನು ನೋಡಿದ್ದೆ. ಹಳೆಯ ಗಾರೆಯವನ ಸೋಮಾರಿತನ ಅಂದುಕೊಂಡೆ. ನಿಯಮ ನೆಪಕ್ಕೆ ಸಿಕ್ಕಿತು. ನಿಯಮ ಇಲ್ಲದಿದ್ದರೂ ನಾನು ಅವನ್ನು ಹಾಗೇ ಬಿಡುತ್ತಿರಲಿಲ್ಲ. ಗೋಡೆಗೆ ಎರಡು ಮುಖ, ಕಾಣದ ಮುಖವೇ ಕಟ್ಟಿದವನ ಮುಖ ಅಂತ ನಮ್ಮ ಸೋದರಮಾವ ಮೊಣಕೈಗೆ ಬಡಿದು ಕಲಿಸಿದ್ದರು.

"ಮೇಡಂ, ಹಿಂದುಗಡೆ ಕಾಡು ಕಾಡಾಗಿ ಕಾಣ್ತಿತ್ತು," ಎಂದೆ.

"ಕಾಡು ಕಾಡಾಗೇ ಕಾಣ್ಬೇಕಿತ್ರೀ ಅಂಕಲ್." ಅವರು ದನಿ ಏರಿಸಲಿಲ್ಲ, ಏರಿಸಿದ್ದರೆ ನನಗೆ ಎಷ್ಟೋ ವಾಸಿಯಿತ್ತು. "ನೀವು ಗೋಡೆ ಕಟ್ಟೋವಾಗ ಯಾವ ಕಡೆ ಸಪಾಟ್ ಬರ್ತದ?"

"ನಾನು ನಿಂತಿರೋ ಕಡೆ."

"ಮತ್ತ ಇನ್ನೊಂದು ಕಡೆ?"

ನಾನು ತಿರುಗಿ ಗೋಡೆಯ ಬೆನ್ನು ನೋಡಿದೆ.

"ಹೊರಗಿಂದ ಸಪಾಟ್ ಐತಿ, ಒಳಗ ಬಾಲ ಅದಾವ. ಅಂದ್ರ ಮಂದಿ ಹೊರಗ ಅಂಗಳದಾಗ ನಿಂತು ಬಾಗ್ಲಾ ಮುಚ್ಚ್ಯಾರ. ಒಳಗ ಯಾರೂ ಇರ್ಲಿಲ್ಲ. ವೈರಿ ಬಂದ್ರು ಅಂತ ಹೆದರಿ ಒಳಗ ಸೇರ್ಕೊಂಡು ಮುಚ್ಚಿದ್ದಲ್ಲ. ಖಾಲಿ ಮನೀನ ಸಾವಕಾಶ ಮುಚ್ಚಿ, ಅದೇ ಅಂಗಳದಾಗ ಸಣ್ಣ ಗುಡಿಸಲು ಹಾಕ್ಕೊಂಡು ಬದುಕಿದ್ರು. ಓಡಿ ಹೋದ್ರು, ಎಲ್ಲಾ ಮುಗೀತು ಅಂತ ಬರ್ದವ್ರಿಗೆ ನನ್ನ ಆನ್ಸರ್ ಇದೊಂದೇ ಗೋಡಿ. ಈಗ ನೋಡಿದ್ರ ಎರಡೂ ಕಡೆ ಸಪಾಟ್ ಐತಿ. ಯಾರು ಎಲ್ಲಿ ನಿಂತಿದ್ರು ಅಂತ ಹೆಂಗ ಹೇಳ್ಲಿ?"

ಅಷ್ಟರಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಿದ್ದವನು ನಮ್ಮ ಗ್ವಾಟೆಮಾಲಾದ ಗಾರೆಯವನು, ಜ್ಯಾಕ್ಸನ್ ಹೈಟ್ಸ್‌ನಲ್ಲಿರುವವನು. ಕನ್ನಡ ಬಾರದಿದ್ದರೂ ಕೈಸನ್ನೆಯಲ್ಲೇ ಅವನಿಗೆ ಎಲ್ಲ ತಿಳಿದಿತ್ತು. ಅವನ ಅಜ್ಜಿಯ ಮನೆಮಾತು ಮಾಯಾ ಭಾಷೆಗಳಲ್ಲೊಂದು. ನಮ್ಮಿಬ್ಬರ ನಡುವಿನ ಹರುಕು ಇಂಗ್ಲಿಷಿನಲ್ಲಿ ಮೆಲ್ಲಗೆ ಅಂದ: "ಮಾಯೆಸ್ತ್ರೋ, ನಮ್ಮಜ್ಜಂದಿರ ಗೋಡೆಗೆ ನೀನು ಇಸ್ತ್ರಿ ಹಾಕಿಬಿಟ್ಟೆ." ಅವರ ಕಡೆ ಮೇಸ್ತ್ರಿಗೆ ಮಾಯೆಸ್ತ್ರೋ ಅನ್ನುತ್ತಾರೆ. ಆವತ್ತು ಆ ಮಾತು ಚುಚ್ಚಿತು.

ನಮ್ಮ ಅಂಗಡಿಯ ಮಾಲೀಕನಿಗೆ ಫೋನ್ ಹೋಯಿತು. ಮ್ಯಾಸ್ಪೆತ್‌ನಿಂದ ಎರಡು ನದಿ ದಾಟಿ ಬರುವಷ್ಟರಲ್ಲಿ ಅವನ ಸಿಟ್ಟು ಆರಿ, ಬರೀ ಲೆಕ್ಕಾಚಾರ ಉಳಿದಿತ್ತು. ಗೋಡೆಯನ್ನು ಎರಡೂ ಕಡೆಯಿಂದ ನೋಡಿದ. ನಿಜ ಹೇಳಬೇಕೆಂದರೆ ಅವನಿಗೆ ನನ್ನ ಹಿಂಬದಿ ಹಿಡಿಸಿತ್ತು, ಕೈಯಿಂದ ಸವರಿ ನೋಡಿದ.

"ನಿನಗೆ ಎರಡು ದಾರಿ ಇದೆ," ಅಂದ. "ಒಂದು, ಹಿಂಬದಿಯ ಓಣಿಗೆ ಹಗ್ಗ ಕಟ್ಟಿ ಜನ ಹೋಗದ ಹಾಗೆ ಮಾಡೋದು. ಮುಂಬದಿ ಸರಿಯಾಗಿದೆ, ಯಾರಿಗೂ ಗೊತ್ತಾಗಲ್ಲ. ಡಾಕ್ಟರ್ ಬೇಕಾದ್ರೆ ಹಿಂಬದಿಯ ಫೋಟೋ ಪಕ್ಕದಲ್ಲಿ ಹಾಕ್ಕೊಳ್ಳಲಿ."

ಡಾಕ್ಟರು ತಮ್ಮ ಬೂಟಿನ ತುದಿ ನೋಡುತ್ತಿದ್ದರು.

"ಎರಡನೇದು?" ಎಂದೆ.

"ಎರಡನೇದು ಇಳಿಸಿ ಮತ್ತೆ ಕಟ್ಟೋದು. ಮುಂದಿನ ವಾರ ಫೈರ್ ಇನ್‌ಸ್ಪೆಕ್ಟರ್ ಬರ್ತಾನೆ. ಅವನು ಬಂದಾಗ ಗೋಡೆ ನಿಂತಿರಬೇಕು, ಡಾಕ್ಟರ್ ಸಹಿ ಹಾಕಿರಬೇಕು. ಇಲ್ಲ ಅಂದ್ರೆ ಆ ಬಾಗಿಲಿಗೆ ಪ್ಲೈವುಡ್ ಹೊಡೆದು ಗೋಡೆಯ ಚಿತ್ರ ಅಂಟಿಸ್ತೀನಿ. ನೀನು ವಾಪಸ್ ಅಚ್ಚಿನ ಕೋಣೆಗೆ. ಲೀಡ್ ಅನ್ನೋ ಮಾತು ಮತ್ತೆ ಎತ್ತಬೇಡ."

ಯೋಚನೆ ಮಾಡುವುದಕ್ಕೆ ಹೊರಗೆ ಲಾರಿ ನಿಲ್ಲುವ ಕಟ್ಟೆಗೆ ಹೋದೆ. ಮಾರ್ಚ್ ತಿಂಗಳ ಕೊಳಕು ಹಿಮ ಕಟ್ಟೆಯ ಅಂಚಿಗೆ ಅಂಟಿಕೊಂಡಿತ್ತು. ಅದೇ ಹೊತ್ತಿಗೆ ಹೆಂಡತಿಯ ಫೋನ್ ಬಂತು. ಅವಳು ಬೆಲ್‌ರೋಸ್‌ನಲ್ಲಿ ಒಂದು ಇಂಡಿಯನ್ ದಿನಸಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಫೋನ್ ಮಾಡುತ್ತಾಳೆ.

"ಏನ್ರೀ, ದನಿ ಯಾಕ್ ಹಿಂಗಿದೆ?"

"ಗೋಡೆ ಇಳಿಸ್ಬೇಕಾಗ್ಬೋದು."

"ಬಿದ್ದೋಯ್ತಾ?"

"ಇಲ್ಲ. ಚೆನ್ನಾಗಿದೆ. ಅದಕ್ಕೇ ಇಳಿಸ್ಬೇಕು."

"ನಂಗರ್ಥ ಆಗ್ಲಿಲ್ಲ ಬಿಡಿ. ಊಟ ಮಾಡಿ ಮೊದ್ಲು. ನಿನ್ನೆ ಡಬ್ಬಿ ಹಂಗೇ ವಾಪಸ್ ಬಂದಿತ್ತು, ಚಿತ್ರಾನ್ನ ಎಲ್ಲಾ ಬೆವತೋಗಿತ್ತು."

ಡಬ್ಬಿ ತೆರೆಯಲಿಲ್ಲ. ಹಗ್ಗ ಕಟ್ಟುವುದೇ ಸುಲಭ. ಕಟ್ಟಿದರೆ ನನ್ನ ಲೀಡ್ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಆದರೆ ಆ ಹಗ್ಗದ ಆಚೆ ಏನಿದೆ ಎಂದು ನನಗೆ ಗೊತ್ತಿರುತ್ತದೆ. ಡಾಕ್ಟರಿಗೂ ಗೊತ್ತಿರುತ್ತದೆ. ಜನರ ಮುಂದೆ ನಿಂತು ಗೋಡೆ ತೋರಿಸುವಾಗಲೆಲ್ಲ ಆಕೆ ನನ್ನ ಕೆಲಸವನ್ನು ಮರೆಮಾಡಬೇಕಾಗುತ್ತದೆ. ನಾನು ಕಟ್ಟಿದ್ದನ್ನು ಯಾರೂ ಇದುವರೆಗೆ ಮರೆಮಾಡಿದ್ದಿಲ್ಲ. ಒಳಗೆ ಹೋಗಿ "ಇಳಿಸ್ತೀನಿ" ಎಂದೆ. ಮಾಲೀಕ ಭುಜ ಹಾರಿಸಿ ಕಾರಿನ ಕಡೆ ನಡೆದ.

ಆಮೇಲಷ್ಟೇ ಹೊಳೆಯಿತು, ಬಾಲಗಳಿಲ್ಲದೆ ಇಳಿಸಿ ಮಾಡುವುದೇನು? ಹೊಸದಾಗಿ ಕೊರೆಸಬೇಕೆಂದರೆ ಕೊರೆಯುವ ಮಿಷಿನ್ನಿನವನು ವಾರಗಟ್ಟಲೆ ಸಮಯ ಕೇಳುತ್ತಾನೆ. ಕತ್ತರಿಸಿದ ತುಂಡುಗಳೆಲ್ಲ ಕಟ್ಟೆಯ ಕೆಳಗಿನ ಕಸದ ಕಂಟೇನರಿನಲ್ಲಿದ್ದವು. ಮತ್ತೆ ಹೊರಗೆ ಓಡಿದೆ. ಕಂಟೇನರ್ ಒಯ್ಯುವ ಲಾರಿ ಆಗಲೇ ಹಿಮ್ಮುಖವಾಗಿ ಬಂದು ನಿಂತಿತ್ತು, ಡ್ರೈವರು ಕೊಂಡಿ ಸಿಕ್ಕಿಸುತ್ತಿದ್ದ. ನಾನು ಕೈ ಬೀಸಿದ್ದಕ್ಕೆ ಅವನೂ ಕೈ ಬೀಸಿ ತನ್ನ ಕೆಲಸ ಮುಂದುವರಿಸಿದ. ಗ್ವಾಟೆಮಾಲಾದವನು ನನ್ನನ್ನು ದಾಟಿ ಹೋಗಿ ಸ್ಪ್ಯಾನಿಷಿನಲ್ಲಿ ಏನೋ ಹೇಳಿದ. ಇಬ್ಬರೂ ನನ್ನ ಕಡೆ ತಿರುಗಿ ನಕ್ಕರು. ಕೊಂಡಿ ಬಿಚ್ಚಿತು.

"ಏನಂದೆ ಅವನಿಗೆ?"

"ನಮ್ಮ ಮಾಯೆಸ್ತ್ರೋ ಮದುವೆ ಉಂಗುರ ಬಿಸಾಕಿಬಿಟ್ಟಿದ್ದಾನೆ, ಹೆಂಡತಿ ಮನೆಗೆ ಸೇರಿಸಲ್ಲ ಅಂದೆ. ಅವನು ಕಾಫಿ ಕುಡಿದು ಬರೋ ಅಷ್ಟರಲ್ಲಿ ಹುಡುಕಬೇಕಂತೆ."

ಇಬ್ಬರೂ ಒಳಗಿಳಿದೆವು. ಒದ್ದೆ ರಟ್ಟು, ಮುರಿದ ಜಿಪ್ಸಮ್ ಹಲಗೆ, ಕಾಫಿ ಲೋಟ, ಬಣ್ಣದ ಡಬ್ಬ. ಒಂದೊಂದೇ ಬಾಲ ಕೈಗೆ ಸಿಕ್ಕಿದಾಗ ಕಟ್ಟೆಯ ಮೇಲೆ ಎಸೆದೆವು, ಡಾಕ್ಟರು ಆಯ್ದುಕೊಂಡು ತಾಡಪಾಲಿನ ಮೇಲೆ ಇಡುತ್ತಾ ಬಂದರು. ಬೆರಳು ಮರಗಟ್ಟಿತು. ತಳದಲ್ಲಿ ನೀರು ನಿಂತಿತ್ತು, ಅದರೊಳಗೂ ಕೈಯಾಡಿಸಿದೆ. ಡ್ರೈವರು ಬಂದು ಹಾರ್ನ್ ಹೊಡೆದಾಗ ಎರಡು ಬಾಲ ಇನ್ನೂ ಸಿಕ್ಕಿರಲಿಲ್ಲ. ಕಂಟೇನರ್ ಹೋಯಿತು.

ಗೋಡೆ ಇಳಿಸುವುದು ಕಟ್ಟುವುದಕ್ಕಿಂತ ನಿಧಾನದ ಕೆಲಸ. ಮಣ್ಣಿನ ಬಣ್ಣ ಕಲಸಿದ ಗಾರೆ ಪೂರ್ತಿ ಗಟ್ಟಿಯಾಗಿರಲಿಲ್ಲ, ಅದೊಂದು ಪುಣ್ಯ. ಸಂದಿಗಳಿಂದ ಅದನ್ನು ಕೆರೆದು, ಒಳಗಿನ ಕಬ್ಬಿಣದ ಸರಳಿಗೆ ಪೆಟ್ಟು ಬೀಳದಂತೆ ಕಲ್ಲು ಅಲುಗಿಸಿ, ಮೇಲಿನಿಂದ ಒಂದೊಂದೇ ವರಸೆ, ಅಂದರೆ ಒಂದೊಂದೇ ಸಾಲು, ಬಿಡಿಸಿದೆವು. ಕಲ್ಲುಗಳ ತಳದಲ್ಲಿ ನಂಬರ್ ಇತ್ತು. ಬಾಲಗಳ ಮೇಲೆ ಇರಲಿಲ್ಲ. ಯಾವ ಬಾಲ ಯಾವ ಕಲ್ಲಿನದು ಎಂದು ಜೋಡಿಸಬೇಕಿತ್ತು.

ಆ ಕೆಲಸದಲ್ಲಿ ಡಾಕ್ಟರು ನಮಗಿಂತ ಚುರುಕು. ನೆಲದ ಮೇಲೆ ಮಂಡಿಯೂರಿ ಕೂತು, ಕತ್ತರಿಸಿದ ಮುಖಕ್ಕೆ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡುತ್ತಿದ್ದರು. ಸಿಮೆಂಟಿನ ಚರ್ಮ ಎಲ್ಲಿ ದಪ್ಪ, ಎಲ್ಲಿ ತೆಳ್ಳಗೆ, ಫೋಮಿನ ಗುಳ್ಳೆ ಹೇಗೆ ಓಡಿದೆ, ಗರಗಸದ ಗೀರು ಯಾವ ಕಡೆ ಬಾಗಿದೆ ಎಂದು ಹೋಲಿಸುತ್ತಿದ್ದರು.

"ಅಂಕಲ್, ನಿಮ್ಮ ಗರಗಸ ಬಲಕ್ಕ ಎಳೀತದ. ಗೊತ್ತೇನು?"

"ನನ್ನ ಗರಗಸ ಎಲ್ಲೂ ಎಳೆಯಲ್ಲ."

"ಎಳೀತದ್ರೀ, ನೋಡ್ರಿ ಇಲ್ಲೆ. ಎಲ್ಲಾದ್ರಾಗೂ ಬಲಗಡೆ ತುದೀಗೆ ಒಂಚೂರು ಇಳದದ. ಅದ್ರಿಂದಾನ ನಂಗ ಮ್ಯಾಲೆ ಯಾವ್ದು ಕೆಳಗ ಯಾವ್ದು ಅಂತ ತಿಳೀಲಿಕ್ಕತ್ತದ."

ನೋಡಿದೆ. ಎಳೆದಿತ್ತು. ಇಷ್ಟು ವರ್ಷ ಕೈಯಲ್ಲಿ ಹಿಡಿದ ಗರಗಸ, ನನಗೆ ತಿಳಿದಿರಲಿಲ್ಲ. ಗ್ವಾಟೆಮಾಲಾದವನು ಇದನ್ನು ತನ್ನ ಭಾಷೆಗೆ ಹಾಕಿಸಿಕೊಂಡು ಮಧ್ಯಾಹ್ನದ ತನಕ ನಕ್ಕ.

ಜೋಡಿ ಸಿಕ್ಕ ಬಾಲಗಳನ್ನು ಒಳಗೆ ಸಣ್ಣ ಸ್ಟೀಲ್ ಕಡ್ಡಿ ಕೊಟ್ಟು ಅಂಟಿಸಿ, ಬೆಸುಗೆಯ ಮೇಲೆ ಬಣ್ಣ ಹಾಯಿಸಿದೆವು. ಕಳೆದುಹೋದ ಎರಡನ್ನು ಫೋಟೋ ನೋಡಿ ಫೋಮಿನಲ್ಲಿ ನಾನೇ ಕೆತ್ತಿದೆ. ಮೊದಲನೆಯದನ್ನು ತೋರಿಸಿದಾಗ ಡಾಕ್ಟರು ತಿರುಗಿಸಿ ನೋಡಿ ವಾಪಸ್ ಕೊಟ್ಟರು.

"ಭಾಳ ಚಂದ ಆಗೇತಿ. ಕೆಡಸ್ರಿ."

ಕೆಡಿಸಿ ತಂದೆ.

"ಇನ್ನೂ ಕೆಡಸ್ರಿ ಅಂಕಲ್. ಇದು ಕೆಡಿಸಿದಂಗ ಚಂದ ಐತಿ."

ಮೂರನೇ ಸಲ ಅದನ್ನು ಫೋಟೋದ ಪಕ್ಕದಲ್ಲಿಟ್ಟು, ಕಲ್ಲು ಒಡೆದ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿದೆ ಎಂದು ನೋಡಿ, ಅದನ್ನೇ ಹಿಂಬಾಲಿಸಿ ಕೆತ್ತಿದೆ. ಆಗ ಒಪ್ಪಿದರು. ಅಸಲಿನಲ್ಲಿ ಆ ಬಾಲ ಒಮ್ಮೆ ಯಾವುದೋ ಹಳೆಯ ಕಂಬದ ಮೂಲೆಯಾಗಿತ್ತಂತೆ.

ಆ ಸಂಜೆ ಬಸ್ಸಿನಲ್ಲಿ ಕೂತು ಸುರಂಗ ದಾಟುವಾಗ ನನ್ನ ಅಂಗೈಗಳನ್ನೇ ನೋಡಿಕೊಂಡೆ. ಬಾಲ ಸಿಕ್ಕಿದವು ಸರಿ. ಆದರೆ ನಾಳೆ ಕಟ್ಟುವ ಕೈ ನನ್ನದೇ. ನನ್ನ ಕೈ ನನಗೆ ಗೊತ್ತು. ಹಿಂಬದಿಗೆ ಹೋದೆನೆಂದರೆ ಒಂದು ಕಲ್ಲು ಒಳಕ್ಕೆ ತಳ್ಳುತ್ತೇನೆ, ಒಂದನ್ನು ತಿರುಗಿಸುತ್ತೇನೆ, ಸಂದಿಯ ಮಣ್ಣನ್ನು ಕರಣೆಯಿಂದ ನುಣುಪು ಮಾಡುತ್ತೇನೆ. ಮಾಡಿದ್ದು ಗೊತ್ತೂ ಆಗುವುದಿಲ್ಲ.

ಬೆಳಿಗ್ಗೆ ಡಾಕ್ಟರನ್ನು ಕೇಳಿದೆ: "ಆ ಕೋಣೆಗೆ ಹೋಗೋ ಪಕ್ಕದ ಓಣಿಯ ಬಾಗಿಲಿಗೆ ಬೀಗ ಇದೆಯಾ?"

"ಐತಿ. ಯಾಕ್ರೀ?"

"ಹಾಕಿ. ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ. ನಾನು ಕೇಳಿದ್ರೂ ಕೊಡ್ಬೇಡಿ. ನಾವಿಬ್ರು ಗಾರೆಯವ್ರೂ ಹೊರಗಿಂದ್ಲೇ ಕಟ್ತೀವಿ, ಅವ್ರ್ ಕಟ್ಟಿದ ಹಂಗೆ."

ಅವರು ನನ್ನ ಮುಖ ನೋಡಿ, ಬೀಗ ಹಾಕಿ, ಬೀಗದ ಕೈಯನ್ನು ಕುತ್ತಿಗೆಯ ಗುರುತಿನ ಚೀಟಿಯ ದಾರಕ್ಕೆ ಸಿಕ್ಕಿಸಿಕೊಂಡರು. ಜನ ಎಡವದಂತೆ ಹಿಂಬದಿಯ ನೆಲದಲ್ಲಿ ಒಂದು ತಗ್ಗು ಕಟ್ಟೆ ಮಾತ್ರ ಮೊದಲೇ ಹಾಕಿ ಬಂದಿದ್ದೆವು. ಕೋಲು ಮೊದಲು ಅದಕ್ಕೆ ತಾಗುತ್ತದೆ, ನಿಯಮಕ್ಕೂ ಸಾಕು.

ಬೆನ್ನು ನೋಡದೆ ಗೋಡೆ ಕಟ್ಟುವ ಅನುಭವ ನನಗೆ ಹೊಸದು. ಕಲ್ಲನ್ನು ಬಾಲ ಮುಂದಾಗಿ ತೂರಿಸಿ, ಮುಖವನ್ನು ಮುಂಬದಿಯ ಚಿತ್ರಕ್ಕೆ ಹೊಂದಿಸುವುದು. ಬಾಲ ಎಲ್ಲಿ ಹೋಗಿ ಕೂತಿತು ಎಂಬುದು ಕೈಗೆ ತಾಗುವ ತೂಕದಲ್ಲಿ ಮಾತ್ರ ಗೊತ್ತು. ಪ್ರತಿ ಕಲ್ಲು ಇಟ್ಟಾಗಲೂ ಒಳಗೆ ಇಣುಕುವ ಆಸೆ. ಎದೆಮಟ್ಟ ಬರುವ ತನಕ ಮೇಲಿನಿಂದ ಬಗ್ಗಿ ನೋಡಬಹುದಿತ್ತು, ನೋಡಲಿಲ್ಲ. ಗ್ವಾಟೆಮಾಲಾದವನು ನನ್ನ ಕುತ್ತಿಗೆ ಬಿಗಿದಿದ್ದು ನೋಡಿ, "ಮಾಯೆಸ್ತ್ರೋ, ಅಲ್ಲಿ ಒಳಗೆ ಯಾರೋ ಹುಡುಗಿ ಸ್ನಾನ ಮಾಡ್ತಿದ್ದಾಳೆ ಅಂದುಕೋ, ನೋಡಬಾರದು," ಎಂದ.

ಬಾಗಿಲ ಮೇಲಿನ ತೊಲೆಗಲ್ಲಿನ ಹತ್ತಿರ ಬಂದಾಗ ಸಿಕ್ಕಿಬಿದ್ದೆವು. ಕೊನೆಯ ಎರಡು ವರಸೆಯ ಕಲ್ಲುಗಳು ಬಾಲ ಕೆಳಗಾಗಿ ಓರೆ ಕೂರಬೇಕು. ಏಣಿ ಹತ್ತಿ ತೂರಿಸಿದೆ. ಏಣಿಯ ಮೇಲೆ ನಿಂತಾಗ ಒಂದು ಕೈ ಏಣಿಗೇ ಹೋಗುತ್ತದೆ, ಉಳಿದ ಒಂದು ಕೈಯಲ್ಲಿ ಕಲ್ಲು ಓರೆಯಾಗದೆ ತೊಲೆಗೆ ಬಡಿದು ನಿಲ್ಲುತ್ತಿತ್ತು. ಇನ್ನೊಮ್ಮೆ, ಮತ್ತೊಮ್ಮೆ. ಒಂದು ಕಲ್ಲಿನ ಮೂಲೆಯ ಚರ್ಮ ಹಾರಿತು. ಇನ್‌ಸ್ಪೆಕ್ಟರ್ ಬರುವ ದಿನ ಮರುದಿನವೇ.

"ನಾನು ಒಳಗೆ ಹೋಗಿ ಎಳ್ಕೋತೀನಿ," ಅಂದ ಗ್ವಾಟೆಮಾಲಾದ ಗೆಳೆಯ. "ಒಂದೇ ಒಂದು ಸಲ."

ನಾನೂ ಅದನ್ನೇ ಯೋಚಿಸುತ್ತಿದ್ದೆ. ಹಳೆಯವರೂ ಕೊನೆಗೆ ಒಳಗಿನಿಂದಲೇ ಎಳೆದುಕೊಂಡಿರಬೇಕು, ಡಾಕ್ಟರ ಲೆಕ್ಕವೇ ತಪ್ಪಿರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಅಂದುಕೊಂಡಾಗ ಒಂದು ಕ್ಷಣ ಹಾಯೆನಿಸಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಡಾಕ್ಟರನ್ನು ಕರೆದು ಸ್ವಲ್ಪ ಬಿರುಸಾಗಿಯೇ ಕೇಳಿದೆ: "ಮೇಡಂ, ಅವ್ರ್ ಹತ್ರ ಏಣಿ ಇತ್ತಾ? ಹೊರಗೆ ನಿಂತ್ಕೊಂಡು ಇದನ್ನ ಕೂರಿಸಿದ್ರು ಅಂದ್ರೆ ನಂಗೆ ನಂಬ್ಕೆ ಬರ್ತಿಲ್ಲ."

ಅವರು ಮುನಿಸಿಕೊಳ್ಳಲಿಲ್ಲ. ಬಾಗಿಲ ಮುಂದಿನ ಖಾಲಿ ನೆಲ ನೋಡಿದರು, ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದ ರಾಶಿ ನೋಡಿದರು.

"ಅಂಕಲ್, ನೀವು ಇನ್ನೂ ಆ ಮಣ್ಣಿನ ದಿಬ್ಬಾ ಇಟ್ಟೇ ಇಲ್ಲಲ್ರೀ."

ಆ ದಿಬ್ಬವೂ ನಕ್ಷೆಯಲ್ಲಿತ್ತು. ಅರಮನೆಯ ಮೇಲ್ಭಾಗ ಮೊದಲೇ ಕುಸಿದು ಬಾಗಿಲ ಮುಂದೆ ಬಿದ್ದಿತ್ತು. ನಮ್ಮ ಲೆಕ್ಕದಲ್ಲಿ ಅದು ಬರೀ ಅಲಂಕಾರ, ಬಣ್ಣದವರು ಕೊನೆಯ ದಿನ ತಂದು ಇಡಬೇಕಾದ ಟೊಳ್ಳು ಚಿಪ್ಪುಗಳು.

"ಗೋಡಿ ಕಟ್ಟೋಕಿಂತ ಮೊದ್ಲ ಅದು ಬಿದ್ದಿತ್ತು. ಅದ್ರ ಮ್ಯಾಲೆ ಮಂದಿ ತುಳಿದು ಗಟ್ಟಿ ಆಗಿದ್ದು ಅಗೆಯೋವಾಗ ಸಿಕ್ತು. ಅವ್ರು ಅದ್ರ ಮ್ಯಾಲೇ ನಿಂತಿದ್ರು."

ಗೆಳೆಯನೂ ನಾನೂ ಮುಖ ಮುಖ ನೋಡಿಕೊಂಡೆವು. ಚಿಪ್ಪುಗಳು ತುಳಿಯುವುದಕ್ಕೆ ಮಾಡಿದ್ದಲ್ಲ, ಕಾಲಿಟ್ಟರೆ ಒಡೆಯುತ್ತವೆ. ಮಧ್ಯಾಹ್ನವೆಲ್ಲ ಪ್ಲೈವುಡ್ ಕೊಯ್ದು, ಪ್ರತಿ ಚಿಪ್ಪಿನ ಒಳಗೆ ಅದರ ಆಕಾರಕ್ಕೆ ಪೆಟ್ಟಿಗೆ ಹೊಡೆದು, ದಿಬ್ಬ ಎಬ್ಬಿಸಿದೆವು. ಮಾಲೀಕ ಫೋನಿನಲ್ಲಿ "ಕೊನೇ ಕೆಲಸಾನ ಮೊದಲು ಯಾಕೆ ಮಾಡ್ತಿದೀಯ?" ಅಂತ ಕೇಳಿದ. "ಅಲ್ಲಿ ಅದೇ ಮೊದಲು ಆಗಿದ್ದು," ಎಂದೆ. ಅವನಿಗೆ ತಿಳಿಯಿತೋ ಇಲ್ಲವೋ, ಫೋನ್ ಇಟ್ಟ.

ದಿಬ್ಬದ ಮೇಲೆ ಹತ್ತಿ ನಿಂತೆ. ತೊಲೆಗಲ್ಲು ನನ್ನ ಎದೆಗೆ ಬಂತು. ಎರಡೂ ಕೈ ಬಿಡುವು, ಕಾಲು ಗಟ್ಟಿ, ಮೈಯ ಭಾರವೆಲ್ಲ ಹಾಕಬಹುದು. ಕಲ್ಲಿನ ಬಾಲ ಬಗ್ಗಿಸಿ ಸಂದಿಗೆ ಬಿಟ್ಟೆ. ಅದು ಜಾರಿ, ಓರೆಯಾಗಿ, ತನ್ನ ಜಾಗ ತಾನೇ ಗೊತ್ತಿರುವ ಹಾಗೆ ಹೋಗಿ ಕೂತಿತು. ಅದರ ಪಕ್ಕದ್ದು, ಅದರ ಪಕ್ಕದ್ದು. ಕೊನೆಗೆ ಅಂಗೈಯಗಲದ ಒಂದು ತೂತು ಉಳಿಯಿತು. ಅದರೊಳಗೆ ಕತ್ತಲೆ. ಹಿಂದೆ ಇಲ್ಲಿ ನಿಂತವನಿಗೂ ಇಷ್ಟೇ ಕತ್ತಲೆ ಕಂಡಿರಬೇಕು. ಅವನು ಆ ಕೋಣೆಯೊಳಗೆ ಒಂದು ಸಲ ಇಣುಕಿದನೋ ಇಲ್ಲವೋ, ಅದನ್ನು ಯಾವ ಅಗೆತವೂ ಹೇಳುವುದಿಲ್ಲ. ನಾನು ಇಣುಕಲಿಲ್ಲ. ಚಿಕ್ಕ ಕಲ್ಲು ತುರುಕಿ ಮಣ್ಣು ಮೆತ್ತಿದೆ.

ಮರುದಿನ ಬೆಳಿಗ್ಗೆ ಮಾಲೀಕ ಬಂದು ನಿಂತ. ಇನ್‌ಸ್ಪೆಕ್ಟರ್ ಬಂದು ದೀಪ, ದಾರಿ, ನೆಲದ ಕಟ್ಟೆ ಎಲ್ಲ ನೋಡಿ, ಗೋಡೆಯನ್ನು ಬೆರಳಿಂದ ತಟ್ಟಿ ಹೋದ. ಅವನಿಗೆ ಗೋಡೆ ನಿಂತಿದ್ದರೆ ಸಾಕು. ಉಳಿದದ್ದು ಡಾಕ್ಟರ ಸಹಿ. ಅವರು ಫೋಟೋಗಳ ಕಟ್ಟು, ಟಾರ್ಚು ಹಿಡಿದು ಬೀಗ ತೆಗೆದು ಒಳಗೆ ಹೋದರು.

ನಾನು, ಗೆಳೆಯ, ಮಾಲೀಕ ಮೂವರೂ ಗೋಡೆಯ ಮುಂದೆ. ಒಳಗೆ ಬೂಟಿನ ಸದ್ದು ಕೇಳಿಸಿತು. ನಿಂತಿತು. ಕಾಗದ ಮಗುಚಿದ ಸದ್ದು. ಮತ್ತೆ ಏನೂ ಇಲ್ಲ. ಮೊದಲ ಸಲವೂ ಹೀಗೇ ಏನೂ ಇರಲಿಲ್ಲ. ಯಾವ ಕಲ್ಲು ತಿರುಗಿರಬಹುದು? ಮೂರನೇ ವರಸೆಯ ಎಡಗಡೆಯದು ಕೂರುವಾಗ ಸ್ವಲ್ಪ ಹಗುರವಾಗಿ ಕೂತಿತ್ತು. ನಾನು ಕೆತ್ತಿದ ಬಾಲ ತೀರಾ ನೆಟ್ಟಗೆ ನಿಂತಿದೆಯೋ ಏನೋ. ಅಚ್ಚಿನ ಕೋಣೆಯ ರಬ್ಬರಿನ ವಾಸನೆ ಮೂಗಿಗೆ ಬಂದ ಹಾಗಾಯಿತು. ಮಾಲೀಕ ಗಡಿಯಾರ ನೋಡಿಕೊಂಡ. ಗೆಳೆಯ ಮೊದಲ ಸಲ ತಮಾಷೆ ಮಾಡದೆ ನಿಂತಿದ್ದ.

"ಅಂಕಲ್." ಗೋಡೆಯ ಆ ಕಡೆಯಿಂದ ದನಿ ಸಣ್ಣಗೆ ಬಂತು.

"ಹೇಳಿ ಮೇಡಂ."

"ಹಿಂದ ಒಂಚೂರೂ ಚಂದ ಇಲ್ರೀ."

ದಿಬ್ಬದ ಅಂಚಿನ ಮೇಲೆ ಕೂತುಕೊಂಡೆ.

"ಏನಂದರು?" ಕನ್ನಡ ಬಾರದ ಮಾಲೀಕ ಬಗ್ಗಿ ಕೇಳಿದ.

"ಹಿಂಬದಿ ಅಸಹ್ಯವಾಗಿದೆಯಂತೆ."

ಅವನ ಮುಖ ಸಪ್ಪಗಾಯಿತು. ನನ್ನನ್ನೂ ಗೆಳೆಯನನ್ನೂ ಒಬ್ಬರಾದ ಮೇಲೊಬ್ಬರು ನೋಡಿ, ಯಾರೂ ತಲೆ ತಗ್ಗಿಸದೆ ಇದ್ದದ್ದು ಕಂಡು, "ಸಹಿ ಹಾಕ್ತಾರಂತಾ ಇಲ್ವಂತಾ?" ಎಂದ.

"ಹಾಕ್ತಾರೆ," ಎಂದೆ. "ಅದಕ್ಕೇ ಹಾಕ್ತಾರೆ."